ಅಳಬಾರದ ಮನೆ

ಆಗೆಲ್ಲ ಚಿಂಬಲ್‌ನ ನಮ್ಮ ಓಣಿಗೆ ಬೆಳಗಾಗುತ್ತಿದ್ದುದು ಹಾರ್ನಿನ ಸದ್ದಿನಿಂದ. ಗೋವಾದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಸೈಕಲ್ಲಿನ ಹಿಂದೆ ದೊಡ್ಡ ಬಿದಿರಿನ ಬುಟ್ಟಿ, ಬುಟ್ಟಿಯ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ, ಹ್ಯಾಂಡಲಿಗೆ ಕಪ್ಪು ರಬ್ಬರಿನ ಉಂಡೆಯಿದ್ದ ಹಿತ್ತಾಳೆಯ ಹಾರ್ನು. ಅದನ್ನು ಒತ್ತುತ್ತ ಮನೆಮನೆಗೆ ಬಿಸಿ ಬ್ರೆಡ್ಡು ಹಂಚುವವನೇ ಪೋದೇರ. ನಮ್ಮಪ್ಪ ಪೋದೇರನಾಗಿದ್ದ. ಬೇಕರಿ ಗೋವಾದವರದು, ಹಾರ್ನು ಗೋವಾದ್ದು, ಒತ್ತುವ ಕೈ ಮಾತ್ರ ಮುದ್ದೇಬಿಹಾಳದ ಕಡೆಯದು. ನಾವು ನದಾಫರು, ಮನೆಯಲ್ಲಿ ಆಡುವುದು ಕನ್ನಡ. ಅಪ್ಪ ಗಿರಾಕಿಗಳ ಹತ್ತಿರ ಮಾತ್ರ ತನಗೆ ತಿಳಿದಷ್ಟು ಕೊಂಕಣಿ ಹೊಡೆಯುತ್ತಿದ್ದ, ಅವರು ನಗುತ್ತಿದ್ದರು, ಅವನೂ ನಗುತ್ತಿದ್ದ.

ಅಪ್ಪ ಮನೆಗೆ ಬಂದರೆ ಬ್ರೆಡ್ಡಿನ ವಾಸನೆಯೇ ಮೊದಲು ಒಳಗೆ ಬರುತ್ತಿತ್ತು. ಅಂಗಿಯ ಮೇಲೆಲ್ಲ ಪೊಯಿ ಎಂಬ ದುಂಡು ಬ್ರೆಡ್ಡಿಗೆ ಉದುರಿಸುವ ಗೋದಿ ತೌಡು. ನನಗೆ ಪೊಯಿ ಇಷ್ಟ, ಬಿಸಿಯಿದ್ದಾಗಲೇ ಹೊಟ್ಟೆ ಸೀಳಿ ಒಳಗೆ ಶೇಂಗಾ ಚಟ್ನಿ, ಎಣ್ಣೆ ಹಾಕಿಕೊಂಡು ತಿನ್ನುತ್ತಿದ್ದೆ. ಗೋವಾದ ಬ್ರೆಡ್ಡಿಗೆ ಶೇಂಗಾ ಚಟ್ನಿಯೇ ಎಂದು ಮೂಗು ಮುರಿಯುವವರು ಒಮ್ಮೆ ತಿಂದು ನೋಡಲಿ. ತಂಗಿ ರೇಷ್ಮಾಳಿಗೆ ಕಾಂಕಣವೇ ಆಗಬೇಕು. ಕಾಂಕಣ ಎಂದರೆ ಬಳೆಯ ಹಾಗೆ ದುಂಡಗೆ ಸುಟ್ಟ ಗರಿಗರಿ ಬ್ರೆಡ್ಡು. ಅದನ್ನು ಕೈಗೆ ಹಾಕಿಕೊಂಡು ಓಣಿಯೆಲ್ಲ ಮೆರೆದು, ಸಂಜೆಯವರೆಗೆ ಇಲಿಯ ಹಾಗೆ ಕಡಿದು ಕಡಿದು ಮುಗಿಸುತ್ತಿದ್ದಳು. ಆಗ ಅವಳಿಗೆ ಐದು ವರ್ಷ, ನನಗೆ ಹನ್ನೊಂದು.

ಒಬ್ಬೊಬ್ಬ ಪೋದೇರನಿಗೂ ಹಾರ್ನು ಹೊಡೆಯುವ ಒಂದೊಂದು ರೀತಿ. ಅಪ್ಪ ಗಿರಾಕಿಗಳ ಬಾಗಿಲಲ್ಲಿ ಎರಡು ಸಲ ಒತ್ತುತ್ತಿದ್ದ. ಸುತ್ತೆಲ್ಲ ಮುಗಿಸಿ ನಮ್ಮ ಬಾಗಿಲಿಗೆ ಬಂದಾಗ ಮಾತ್ರ ಎರಡು ಗಿಡ್ಡ, ಒಂದು ಉದ್ದ. ಪೊಂ, ಪೊಂ, ಪೋಂಯ್. ಅದು ನಮ್ಮ ಮನೆಗೆಂದೇ ಇದ್ದ ಹಾರ್ನು. ಅದು ಕೇಳಿದ ಕೂಡಲೇ ಅವ್ವ ಚಹಾಕ್ಕೆ ನೀರಿಡುತ್ತಿದ್ದಳು, ರೇಷ್ಮಾ ಚಡ್ಡಿ ಏರಿಸಿಕೊಳ್ಳುತ್ತ ಹೊರಗೆ ಓಡುತ್ತಿದ್ದಳು.

ಅವಳದೊಂದು ತೊಂದರೆಯನ್ನು ಇಲ್ಲೇ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ರೇಷ್ಮಾ ಜೋರಾಗಿ ಅತ್ತರೆ ಉಸಿರು ಕಟ್ಟುತ್ತಿತ್ತು. ಬಾಯಿ ತೆರೆದೇ ಇರುತ್ತಿತ್ತು, ಸದ್ದು ನಿಂತುಬಿಡುತ್ತಿತ್ತು, ತುಟಿ ನೀಲಿಯಾಗುತ್ತಿತ್ತು, ಆಮೇಲೆ ಕೈಕಾಲು ಸೋತು ಬೀಳುತ್ತಿದ್ದಳು. ಅವ್ವ ಅದನ್ನು ನೋಡಲಾರದೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದಳು. ಅಪ್ಪನೊಬ್ಬನೇ ಹೆದರುತ್ತಿರಲಿಲ್ಲ. ಮಡಿಲಲ್ಲಿ ಹಾಕಿಕೊಂಡು ಅವಳ ಮುಖಕ್ಕೆ ಉಫ್ ಎಂದು ಊದುತ್ತಿದ್ದ. ಒಂದೆರಡು ಸಲ ಊದಿದ ಮೇಲೆ ಅವಳು ಗಕ್ಕನೆ ಉಸಿರೆಳೆದು ಮತ್ತೆ ಅಳುತ್ತಿದ್ದಳು.

"ಡಾಕ್ಟರ್ ಹೇಳ್ಯಾರ, ಏನೂ ಆಗೂದಿಲ್ಲ. ಅಳ್ಳಿ ಬಿಡು, ಅತ್ತು ಮುಗಸ್ತಾಳ," ಎನ್ನುತ್ತಿದ್ದ ಅಪ್ಪ.

ಡಾಕ್ಟರ ಮಾತನ್ನು ಕೇಳಿ ಬಂದವನು ಅವನೊಬ್ಬನೇ. ನಾವ್ಯಾರೂ ಅದನ್ನು ನಂಬಿರಲಿಲ್ಲ.

ಆ ವರ್ಷ ಮಳೆಗಾಲ ಹಿಡಿದು ವಾರವೂ ಆಗಿರಲಿಲ್ಲ. ಒಂದು ಬೆಳಗ್ಗೆ ಹೈವೇ ತಿರುವಿನಲ್ಲಿ ಹಿಂದಿನಿಂದ ಬಂದ ಯಾವುದೋ ಗಾಡಿ ಅಪ್ಪನಿಗೆ ಬಡಿದು ನಿಲ್ಲದೆ ಹೋಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಅಪ್ಪ ತೀರಿಕೊಂಡಿದ್ದ. ರೇಷ್ಮಾಳನ್ನು ಅವತ್ತು ಮೂರು ಮನೆಯಾಚೆ ಒಬ್ಬರಲ್ಲಿ ಟಿವಿ ಮುಂದೆ ಕೂರಿಸಿದ್ದರು. ಅವಳು ಮರಳಿ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು, ಅವ್ವನ ಬಳೆಗಳು ಹೋಗಿದ್ದವು, ಮೂಲೆಗೊಂದು ಪರದೆ ಕಟ್ಟಿ ಆಗಿತ್ತು.

ಪರದೆ ಇದ್ದತ್‌ಗಾಗಿ. ನಮ್ಮಲ್ಲಿ ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಪರಪುರುಷರ ಎದುರು ಬರುವಂತಿಲ್ಲ, ಶೃಂಗಾರ ಮಾಡಿಕೊಳ್ಳುವಂತಿಲ್ಲ. ಅವ್ವನ ಜತೆಗಿರಲು ಊರಿನಿಂದ ಹುಸೇನಬಿ ಅತ್ತೆ ಬಂದಳು. ಅಪ್ಪನ ಅಕ್ಕ, ತಾಯಿ ಇಲ್ಲದ ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವಳು. ಬಂದವಳು ಚೀಲ ಕೆಳಗಿಡುವ ಮೊದಲೇ ಮನೆಯ ಕಾನೂನು ಹೇಳಿಬಿಟ್ಟಳು.

"ಸಣ್ಣಾಕಿಗೆ ಹೇಳಬ್ಯಾಡ್ರಿ. ಅತ್ಲಂದ್ರ ದಮ್ಮು ಕಟ್ಟಿ ಸಾಯ್ತಾಳ. ಒಂದ ಮನ್ಯಾಗ ಎರಡು ಮಣ್ಣು ನೋಡೂ ಶಕ್ತಿ ನನಗಿಲ್ಲ. ಊದಿ ಎಬ್ಬಿಸಾವ ಹೋಗ್ಯಾನ."

"ಮತ್ತ ಅಪ್ಪ ಎಲ್ಲಿ ಅಂತ ಕೇಳಿದ್ರ?" ಎಂದೆ ನಾನು.

"ಊರಿಗೆ ಹೋಗ್ಯಾನ. ಹೊಲದ ಕೆಲಸ ಐತಿ."

"ಎಷ್ಟು ದಿನಾ ಅಂತ ಹೇಳೂದು?"

"ಆಕಿಗೆ ತಿಳವಳಿಕಿ ಬರೂತನಾ. ನೀನೂ ಆಕಿ ಮುಂದ ಅಳಬ್ಯಾಡ. ನೀ ಅತ್ರ ಆಕಿ ಯಾಕ ಅಂತ ಕೇಳ್ತಾಳ."

ಹೀಗೆ ನಮ್ಮದು ಅಳಬಾರದ ಮನೆಯಾಯಿತು. ಒಂದೇ ಖೋಲಿ, ತಗಡಿನ ಮಾಡು, ಬಚ್ಚಲು ಓಣಿಗೆಲ್ಲ ಒಂದೇ. ಅಳುವುದಕ್ಕೆ ಜಾಗವಾದರೂ ಎಲ್ಲಿತ್ತು! ಅವ್ವ ಪರದೆಯೊಳಗೆ ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು, ಪರದೆ ಅಲುಗುವುದರಿಂದ ನನಗೆ ಗೊತ್ತಾಗುತ್ತಿತ್ತು. ಅತ್ತೆ ಒಲೆಯ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡು ಉಳ್ಳಾಗಡ್ಡಿಯ ಮೇಲೆ ಹೇರುತ್ತಿದ್ದಳು, ಉಳ್ಳಾಗಡ್ಡಿ ಹೆಚ್ಚದ ದಿನವೂ. ನಾನು ಅಳಲೇ ಇಲ್ಲ. ನನಗೆ ಬರುತ್ತಿದ್ದುದು ಸಿಟ್ಟು. ಹೇಳದೆ ಹೋದ ಅಪ್ಪನ ಮೇಲೆ, ಎಲ್ಲವನ್ನೂ ನನ್ನ ತಲೆಗೆ ಕಟ್ಟಿದ ಅತ್ತೆಯ ಮೇಲೆ, ಎಲ್ಲರಿಗಿಂತ ಹೆಚ್ಚು ಏನೂ ಗೊತ್ತಿಲ್ಲದೆ ಆಡಿಕೊಂಡಿದ್ದ ರೇಷ್ಮಾಳ ಮೇಲೆ. ಅವಳಿಗೆ ಇದ್ದುದು ಒಂದೇ ಆಟ. ಮುರುಕು ಬಕೆಟ್ಟನ್ನು ನನ್ನ ಸೊಂಟಕ್ಕೆ ಕಟ್ಟಿ, "ಅಕ್ಕಾ, ನೀ ಪೋದೇರ, ನಾ ಗಿರಾಕಿ. ಹಾರ್ನ್ ಹೊಡಿ," ಎನ್ನುತ್ತಿದ್ದಳು. ನಾನು ಬಾಯಲ್ಲಿ ಪೊಂ ಪೊಂ ಎನ್ನಬೇಕು. ಎಂದೆ ಕೂಡ, ಎಷ್ಟೋ ದಿನ ಎಂದೆ, ಹಲ್ಲು ಕಚ್ಚಿಕೊಂಡು.

ಶಾಲೆಯಲ್ಲಿ 'ನನ್ನ ತಂದೆ' ಎಂದು ಪ್ರಬಂಧ ಬರೆಸಿದರು. ನಮ್ಮಪ್ಪ ಪೋದೇರ, ದಿನಾ ಬೆಳಗ್ಗೆ ಬ್ರೆಡ್ಡು ಹಂಚುತ್ತಾನೆ, ನಮಗೆ ಪೊಯಿ ತರುತ್ತಾನೆ ಎಂದು ಬರೆದೆ. ಟೀಚರಿಗೆ ವಿಷಯ ಗೊತ್ತಿತ್ತು, ಅಪ್ಪ ಹೋದ ದಿನ ಅವರೇ ನನ್ನನ್ನು ಮನೆಗೆ ಕಳಿಸಿದ್ದು. ಪುಸ್ತಕ ತಿರುಗಿ ಕೊಡುವಾಗ ನನ್ನ ಮುಖವನ್ನೇ ನೋಡಲಿಲ್ಲ. ಕೆಂಪು ಮಸಿಯಲ್ಲಿ ಒಂದು ರೈಟ್ ಮಾರ್ಕು, ಕೆಳಗೆ ಸಹಿ, ಅಷ್ಟೇ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ಟೀಚರು ಒಳ್ಳೆಯವರೇ, ಆದರೂ ಆ ರೈಟ್ ಮಾರ್ಕನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇಪ್ಪತ್ತು ದಿನವಾಗಿರಬೇಕು. ಬೆಳಗ್ಗೆ ಓಣಿಯ ತುದಿಯಲ್ಲಿ ಹಾರ್ನು ಕೇಳಿಸಿತು. ಅದೇ ಹಾರ್ನು. ಉಂಡೆಯಲ್ಲಿ ಸಣ್ಣದೊಂದು ಸೀಳಿದ್ದುದರಿಂದ ಕೊನೆಗೆ ಗಾಳಿ ಸೋರಿದ ಹಾಗೆ ಆಗುತ್ತಿತ್ತು, ಬೇರೆ ಯಾವ ಹಾರ್ನೂ ಹಾಗೆ ಕೂಗುತ್ತಿರಲಿಲ್ಲ. ರೇಷ್ಮಾ ಹಾಸಿಗೆಯಿಂದ ಜಿಗಿದು, "ಅಪ್ಪಾ!" ಎಂದು ಹೊರಗೋಡಿದಳು. ಅಲ್ಲಿ ನಿಂತಿದ್ದವನು ಬಸು. ಅಪ್ಪನ ಜತೆ ಅದೇ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಗೋಕಾಕದ ಕಡೆಯ ಯುವಕ, ಅಪ್ಪನನ್ನು ಕಾಕಾ ಎನ್ನುತ್ತಿದ್ದವ. ಬೇಕರಿಯವರು ಸೈಕಲ್ಲನ್ನು ರಿಪೇರಿ ಮಾಡಿಸಿ, ಹಾರ್ನನ್ನು ತಂತಿಯಿಂದ ಬಿಗಿದು, ಅಪ್ಪನ ಸುತ್ತನ್ನು ಅವನಿಗೆ ಕೊಟ್ಟಿದ್ದರು.

ರೇಷ್ಮಾಳ ಕೆಳತುಟಿ ಅದುರತೊಡಗಿತು. ಅತ್ತೆ ಒಳಗಿನಿಂದಲೇ, "ಆಕಿನ್ನ ಅಳಸಬ್ಯಾಡ್ರಿ, ಆಕಿನ್ನ ಅಳಸಬ್ಯಾಡ್ರಿ!" ಎಂದು ಕೂಗಿದಳು. ನನಗೆ ತೋಚಿದ್ದನ್ನು ನಾನು ಹೇಳಿದೆ.

"ಅಪ್ಪ ಊರಿಂದ ಬರೂತನಾ ಬಸಣ್ಣ ಸೈಕಲ್ ನೋಡ್ಕೋತಾನ. ಅಪ್ಪ ಫೋನ್ ಮಾಡಿ ಹೇಳ್ಯಾನ. ಹೌದಲ್ಲ ಬಸಣ್ಣ?"

ಬಸು ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ತಲೆಯಾಡಿಸಿದ. ತುಟಿ ಅದುರುವುದು ನಿಂತಿತು. ನನಗೆ ನನ್ನ ಬಗ್ಗೆಯೇ ಹೆಮ್ಮೆ ಅನಿಸಿತು. ಅಲ್ಲಿಗೇ ನಿಲ್ಲಿಸಿದ್ದರೆ ಆಗಿತ್ತು. ನಿಲ್ಲಿಸುವ ಬುದ್ಧಿ ನನಗೆ ಇನ್ನೂ ಬಂದಿಲ್ಲ, ಹನ್ನೊಂದಕ್ಕೆ ಎಲ್ಲಿಂದ ಬರಬೇಕು! ಮರುದಿನ ಓಣಿಯ ಬಾಯಲ್ಲೇ ಬಸುವನ್ನು ಅಡ್ಡ ಹಾಕಿದೆ.

"ನಮ್ಮ ಬಾಗಲದಾಗ ಅಪ್ಪನ ಹಂಗ ಹೊಡಿಯಣ್ಣ. ಎರಡು ಗಿಡ್ಡ, ಒಂದು ಉದ್ದ. ಒಂದು ಕಾಂಕಣಾನೂ ಕೊಡು. ಅಪ್ಪ ಕೊಟ್ಟು ಕಳಿಸ್ಯಾನ ಅಂತೀನಿ, ಆಕಿ ಸುಮ್ಮನಿರ್ತಾಳ."

"ಬ್ಯಾಡವ್ವ," ಎಂದ ಬಸು. "ಕಾಕಾನ ಹಾರ್ನ್ ನಾ ಹೆಂಗ ಹೊಡೀಲಿ? ಒಳಗ ಕಾಕಿ ಅದಾರ. ಅವರಿಗೆ ಹೆಂಗಾಗಬ್ಯಾಡ?"

"ಅವ್ವಗ ನಾ ಹೇಳ್ತೀನಿ. ಆಕಿ ಅತ್ತು ಸತ್ರ ನಿನ್ನ ಮ್ಯಾಲ ಬರತೈತಿ ನೋಡು."

ಬಸು ಬೆದರಿಕೆಗೆ ಬಗ್ಗಿದ. ಅವ್ವನಿಗೆ ನಾನು ಹೇಳಲಿಲ್ಲ.

ಪೊಂ, ಪೊಂ, ಪೋಂಯ್. ಅವ್ವ ಪರದೆಯ ಒಳಗೆ ರೊಟ್ಟಿ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು. ನಾನು ಪರದೆ ಸರಿಸಿ ನೋಡಿದೆ. ಅವಳು ಬಾಗಿಲ ಕಡೆ ಮುಖ ಮಾಡಿ, ಎರಡೂ ಕೈ ಹಿಟ್ಟಿನಲ್ಲಿಟ್ಟುಕೊಂಡು ಕೂತಿದ್ದಳು. ಎದ್ದು ಹೋಗಿ ಯಾರೆಂದು ನೋಡುವಂತಿಲ್ಲ. ನನ್ನ ಕಡೆ ತಿರುಗಿದಳು. ಈಗ ಬೈಯುತ್ತಾಳೆ ಎಂದುಕೊಂಡೆ. ಹಿಟ್ಟಿಗೆ ಇನ್ನಷ್ಟು ನೀರು ಹಾಕಿ ನಾದತೊಡಗಿದಳು. ಅವತ್ತಿನ ಹಿಟ್ಟು ತೆಳ್ಳಗಾಗಿ ರೊಟ್ಟಿಯೇ ಏಳಲಿಲ್ಲ.

ರೇಷ್ಮಾ ಕಾಂಕಣ ಹಿಡಿದು ಕುಣಿಯುತ್ತ ಬಂದು ನೇರ ಪರದೆಯೊಳಗೆ ನುಗ್ಗಿದಳು. "ಅವ್ವಾ, ನಿನ್ನ ಬಳಿ ಒಡದಾವಲ್ಲ. ತಗೋ, ಅಪ್ಪ ಕೊಟ್ಟು ಕಳಿಸ್ಯಾನ," ಎಂದು ಅವ್ವನ ಬರಿದಾದ ಕೈಗೆ ಏರಿಸಲು ನೋಡಿದಳು. ಅದು ಮುಂಗೈ ದಾಟಲಿಲ್ಲ, ಬೆರಳುಗಳ ಮೇಲೇ ನಿಂತಿತು. ಅತ್ತೆ ಹಾರಿ ಬಂದು ಕಿತ್ತುಕೊಂಡಳು. ಅವ್ವ ಕೈಯನ್ನು ಹಾಗೆಯೇ ಮುಂದೆ ಚಾಚಿ ಕೂತಿದ್ದಳು. ನಾನು ಆ ಕೈಯನ್ನು ನೋಡಲಾರದೆ ಶಾಲೆಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಓಡಿದೆ.

ಅಂದಿನಿಂದ ದಿನಾ ಹಾರ್ನು ಕೂಗಿತು. ಅಡ್ಡಮಳೆ ಬೀಳುತ್ತಿತ್ತು, ಓಣಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು, ಬಸು ರೇನ್‌ಕೋಟಿನ ಟೋಪಿ ಮುಖದ ಮೇಲೆ ಎಳೆದುಕೊಂಡು ಬರುತ್ತಿದ್ದ. ನಾನು, ಯಾರ ಬಾಯಿಂದ ಯಾವಾಗ ನಿಜ ಜಾರುತ್ತದೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಜನ ಬಂದಾಗ ಅವಳನ್ನು ಪೇಟೆಗೆ ಕರೆದೊಯ್ದು ಇಡೀ ದಿನ ಸುತ್ತಿಸಿದೆ. ಓಣಿಯ ಹೆಂಗಸರು ಅವಳ ತಲೆ ಸವರಿ ಲೊಚಗುಟ್ಟಿದರೆ ಅವರ ಕೈ ತಳ್ಳಿ ಜಗಳವಾಡಿದೆ. ಮಾಬವ್ವನ ಬಾಯಿ ಭಾಳ ಜೋರಾಗ್ಯದ ಎಂದು ಓಣಿಯಲ್ಲಿ ನನಗೆ ಹೆಸರೂ ಬಂತು.

ಆಮೇಲೆ ಒಂದು ದಿನ ರೇಷ್ಮಾ ನಲ್ಲಿಯ ಕಟ್ಟೆಯ ಮೇಲಿಂದ ಜಾರಿ ಬಿದ್ದಳು. ಮೊಣಕಾಲು ಸೀಳಿ ರಕ್ತ ಪಾದದವರೆಗೆ ಇಳಿಯಿತು. ಈಗ ಅಳುತ್ತಾಳೆ, ಈಗ ಉಸಿರು ಕಟ್ಟುತ್ತದೆ ಎಂದು ನಾನು ಬಿಂದಿಗೆ ಬಿಟ್ಟು ಓಡಿದೆ. ಅವಳು ಅಳಲಿಲ್ಲ. ಎರಡೂ ತುಟಿ ಒಳಗೆ ಮಡಚಿಕೊಂಡು, ಮುಷ್ಟಿ ಬಿಗಿ ಹಿಡಿದು, ಮುಖವೆಲ್ಲ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಒಂದು ಹನಿ ಕಣ್ಣೀರಿಲ್ಲ. ಅತ್ತೆಗೆ ಖುಷಿಯೋ ಖುಷಿ. "ನೋಡ್ರಿ, ಎಷ್ಟ ಶಾಣ್ಯಾಕಿ ಆಗ್ಯಾಳ ನನ್ನ ಮಗಳು," ಎಂದು ದೃಷ್ಟಿ ತೆಗೆದಳು. ನನಗೆ ಮಾತ್ರ ಆ ಮುಖ ನೋಡಿ ಹೆದರಿಕೆಯಾಯಿತು. ಗಾಯಕ್ಕೆ ಅರಿಶಿನ ಒತ್ತುತ್ತ ಕೇಳಿದೆ.

"ನೋಯವಲ್ದೇನ?"

"ನೋಯಾಕತ್ತೈತಿ."

"ಮತ್ತ?"

ಅವಳು ನನ್ನ ಕಿವಿಯ ಹತ್ತಿರ ಬಂದಳು. "ಅಕ್ಕಾ, ನಾ ಅಳ್ತೀನಂತ ಅಪ್ಪ ನಮ್ಮ ಮನಿಗೆ ಬರವಲ್ಲ. ಅವತ್ತ ಕಾಂಕಣ ತಂದಿಲ್ಲಂತ ಭಾಳ ಅತ್ತಿದ್ದೆ. ಅಪ್ಪ ಸಿಟ್ಟಾಗ್ಯಾನ. ಬಾಗಲತನಾ ಬರ್ತಾನ, ಹಾರ್ನ್ ಹೊಡೀತಾನ, ಕಾಂಕಣ ಬಸಣ್ಣನ ಕೈಯಾಗ ಕೊಟ್ಟು ಅಡಗಿಕೋತಾನ. ಇನ್ನ ಅಳೂದಿಲ್ಲಂತ ಹೇಳು ಅಪ್ಪಗ."

ಅವಳನ್ನು ಅಳಿಸಬಾರದೆಂದು ನಾನು ಹೂಡಿದ ಆಟದಿಂದ ಈ ಮಗು ತಾನು ಅತ್ತಿದ್ದಕ್ಕೇ ಅಪ್ಪ ತನ್ನನ್ನು ಬಿಟ್ಟನೆಂದು ತಿಳಿದಿತ್ತು. ಅವತ್ತೇ ಅವ್ವನಿಗೆ ಹೇಳಬೇಕಿತ್ತು. ಹೇಳಿದರೆ ಹಾರ್ನಿನ ವಿಷಯ ಬರುತ್ತದೆ, ಅದು ನನ್ನ ಕೆಲಸವೆಂದು ಗೊತ್ತಾಗುತ್ತದೆ. ನಾನು ಹೇಡಿಯಾದೆ. ನಾಳೆ ಬಸುಗೆ ನಿಲ್ಲಿಸಲು ಹೇಳುತ್ತೇನೆ ಎಂದುಕೊಂಡೆ. ನಾಳೆ ಬಂತು, ಹೋಯಿತು. ನಿಲ್ಲಿಸಿದರೆ ಅಪ್ಪ ಇನ್ನೂ ಸಿಟ್ಟಾದನೆಂದು ಅವಳು ತಿಳಿದರೆ? ಹೀಗೆ ಒಂದು ವಾರ ಎಳೆಯಿತು.

ಆ ಬೆಳಗ್ಗೆ ಮಳೆ ಬಿಟ್ಟಿತ್ತು. ಬಸು ಹಾರ್ನು ಹೊಡೆದ, ಕಾಂಕಣ ಕೊಟ್ಟ, ಹೋದ. ನಾನು ಒಳಗೆ ಜಡೆ ಹಾಕಿಕೊಳ್ಳುತ್ತಿದ್ದೆ. ಒಂದು ಜಡೆ ಮುಗಿದು ಎರಡನೆಯದನ್ನು ಹೆಣೆಯುವಾಗ ಮನೆ ತೀರಾ ಸುಮ್ಮನಿದೆ ಅನಿಸಿತು. ಹೊಸ್ತಿಲ ಮೇಲೆ ಕಾಂಕಣ ಬಿದ್ದಿತ್ತು, ಕಡಿದೇ ಇರಲಿಲ್ಲ. ರೇಷ್ಮಾಳ ಚಪ್ಪಲಿ ಇರಲಿಲ್ಲ.

"ರೇಷ್ಮಾ!" ಎಂದು ಕೂಗಿದೆ. ನಲ್ಲಿಯ ಹತ್ತಿರ ಇಲ್ಲ. ಪಕ್ಕದ ಮನೆಯಲ್ಲಿ ಇಲ್ಲ. ಓಣಿಯ ಬಾಯಲ್ಲಿ ನಿಂತಿದ್ದವರು ಯಾರೋ, "ಪೋದೇರನ ಹಿಂದ ಓಡಾಕತ್ತಿತ್ತು," ಎಂದರು. ಬಸುವಿನ ದಾರಿ ಹೈವೇ ತಿರುವಿಗೆ. ಅಪ್ಪ ಬಿದ್ದ ತಿರುವಿಗೆ.

"ಅವ್ವಾ, ರೇಷ್ಮಾ ರೋಡಿಗೆ ಹೋಗ್ಯಾಳ!" ಎಂದು ಓಣಿಯಿಂದಲೇ ಚೀರಿ ಓಡಿದೆ. ಬಿಚ್ಚಿದ ಜಡೆ ಕಣ್ಣಿಗೆ ಅಡ್ಡ ಬರುತ್ತಿತ್ತು, ಕೆಸರಿನಲ್ಲಿ ಎರಡು ಸಲ ಬಿದ್ದೆ. ತಿರುವು ಕಾಣುವ ಮೊದಲೇ ಬ್ರೇಕಿನ ಕಿರುಚಾಟ ಕೇಳಿತು. ಉದ್ದವಾದ ಕಿರುಚಾಟ, ಅದರ ಹಿಂದೆಯೇ ಜನರ ಕೂಗು. ನಾನು ಓಡುವುದನ್ನು ನಿಲ್ಲಿಸಿಬಿಟ್ಟೆ. ಮುಂದೆ ಹೋಗಲಾರೆ, ನೋಡಲಾರೆ. ಅಲ್ಲಿ ನಿಂತ ಆ ಒಂದೆರಡು ಗಳಿಗೆಯನ್ನು ನಾನು ಯಾರಿಗೂ ಬಯಸುವುದಿಲ್ಲ. ಆಮೇಲೆ ಹೇಗೋ ಹೋದೆ.

ರಸ್ತೆಯಲ್ಲಿ ಟೆಂಪೋ ಒಂದು ಅಡ್ಡ ನಿಂತಿತ್ತು. ಬಸುವಿನ ಸೈಕಲ್ಲು ಉರುಳಿ ಬಿದ್ದು, ಬುಟ್ಟಿಯಲ್ಲಿ ಉಳಿದಿದ್ದ ಬ್ರೆಡ್ಡೆಲ್ಲ ಕೆಂಪು ನೀರಿನಲ್ಲಿ ಚೆಲ್ಲಿತ್ತು. ರಸ್ತೆಯ ಅಂಚಿನಲ್ಲಿ ಬಸು ಕುಕ್ಕರಗಾಲಲ್ಲಿ ಕೂತು ರೇಷ್ಮಾಳನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದ. ಅವಳಿಗೆ ಏನೂ ಆಗಿರಲಿಲ್ಲ. ಬಸುವಿನ ಮೊಣಕೈ ಕಿತ್ತು ರಕ್ತ ಬರುತ್ತಿತ್ತು. ಟೆಂಪೋದವನು ಹಿಂದಿಯಲ್ಲಿ ಬೈಯುತ್ತ ಬೆವರು ಒರೆಸಿಕೊಳ್ಳುತ್ತಿದ್ದ.

"ಅಪ್ಪ ಎಲ್ಲಿ?" ರೇಷ್ಮಾ ಬಸುವಿನ ಅಂಗಿ ಜಗ್ಗುತ್ತಿದ್ದಳು. "ಎಲ್ಲಿ ಅಡಗ್ಯಾನ? ನಾ ಈಗ ಅಳೂದಿಲ್ಲ. ಬರಾಕ ಹೇಳು."

ಬಸು ನನ್ನನ್ನು ನೋಡಿದ. ಅವಳೂ ನನ್ನನ್ನು ನೋಡಿದಳು. "ಅಪ್ಪ ಊರಿಗೆ," ಎಂದು ಶುರು ಮಾಡಿದೆ. ಇಷ್ಟು ದಿನ ನೀರು ಕುಡಿದ ಹಾಗೆ ಬರುತ್ತಿದ್ದ ಸುಳ್ಳು ಅವತ್ತು ಅಷ್ಟಕ್ಕೇ ನಿಂತಿತು.

ಆಗ ಜನ ಸರಿದು ದಾರಿ ಬಿಟ್ಟರು. ಅವ್ವ ಬಂದಳು. ಬರಿಗಾಲು, ಮೈಮೇಲೆ ಹೊದ್ದದ್ದು ಪರದೆಗೆ ಕಟ್ಟಿದ್ದ ಬಟ್ಟೆ, ತಂತಿಯಿಂದ ಕಿತ್ತುಕೊಂಡೇ ಬಂದಿದ್ದಳು. ಮೂರು ತಿಂಗಳ ಮೇಲೆ ಅವಳನ್ನು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು, ಗುರುತು ಹಿಡಿಯಲು ನನಗೂ ಒಂದು ಕ್ಷಣ ಬೇಕಾಯಿತು. ಅಷ್ಟು ಗಂಡಸರ ನಡುವೆ, ರಸ್ತೆಯ ಬದಿಯ ಕೆಸರಿನಲ್ಲಿ ಕೂತು ರೇಷ್ಮಾಳ ಎರಡೂ ಕೈ ಹಿಡಿದುಕೊಂಡಳು.

"ರೇಷ್ಮಾ, ಇಲ್ಲಿ ನೋಡು. ನಿಮ್ಮಪ್ಪ ಸತ್ತಾನ."

"ಊರಾಗ ಇಲ್ಲ?"

"ಇಲ್ಲ. ಊರಾಗೂ ಇಲ್ಲ, ಎಲ್ಲೀ ಅಡಗಿಲ್ಲ. ಗಾಡಿ ಬಡದು ಸತ್ತಾನ. ಮಣ್ಣು ಮಾಡೇವಿ. ಇನ್ನ ಬರೂದಿಲ್ಲ. ನಾವೆಲ್ಲಾ ನಿನಗ ಸುಳ್ಳು ಹೇಳೇವಿ."

"ನಾ ಅತ್ತಿದ್ದಕ್ಕ?"

"ಅಲ್ಲವ್ವ, ನೀ ಅತ್ತಿದ್ದಕ್ಕ ಅಲ್ಲ. ನೀ ಏನ ಮಾಡಿದ್ರೂ ಅಲ್ಲ."

ರೇಷ್ಮಾ ಅವ್ವನ ಬಾಯಿಯನ್ನೇ ನೋಡುತ್ತ ನಿಂತಳು. ಮಡಚಿದ್ದ ತುಟಿ ನಿಧಾನವಾಗಿ ಬಿಚ್ಚಿತು. ಒಂದೇ ಒಂದು ಕೂಗು ಬಂತು, ಅಲ್ಲಿಗೆ ಸದ್ದು ನಿಂತಿತು. ಬಾಯಿ ತೆರೆದೇ ಇತ್ತು, ಉಸಿರಿಲ್ಲ. ತುಟಿ ನೀಲಿಯಾಯಿತು. ಕಣ್ಣು ಮೇಲೆ ಹೋಯಿತು, ಮೈ ಸೋತು ಅವ್ವನ ತೋಳಿನ ಮೇಲೆ ಬಿತ್ತು. "ಅಯ್ಯೋ, ನೀರು ತರ್ರಿ!" ಎಂದು ಯಾರೋ ಕೂಗಿದರು. ಅವ್ವ ಓಡಿಹೋಗುತ್ತಾಳೆಂದು ನಾನು ಮುಂದೆ ಬಾಗಿದೆ. ಅವಳು ಓಡಲಿಲ್ಲ. ರೇಷ್ಮಾಳನ್ನು ಮಡಿಲಿಗೆ ಎಳೆದುಕೊಂಡು ಅಪ್ಪ ಊದುತ್ತಿದ್ದ ಹಾಗೆಯೇ ಮುಖಕ್ಕೆ ಊದಿದಳು. ಉಫ್. ಏನೂ ಆಗಲಿಲ್ಲ. ಇನ್ನೊಮ್ಮೆ. ಅವ್ವನ ತುಟಿ ಎಷ್ಟು ನಡುಗುತ್ತಿತ್ತೆಂದರೆ ಗಾಳಿ ಸರಿಯಾಗಿ ಬರುತ್ತಲೇ ಇರಲಿಲ್ಲ. ಮೂರನೆಯ ಸಲ ಊದಿದಾಗ ರೇಷ್ಮಾಳ ಎದೆ ಎದ್ದು ಗಕ್ಕನೆ ಉಸಿರೆಳೆದಳು. ಆಮೇಲೆ ಅತ್ತಳು. ಹೈವೇ ಗಾಡಿಗಳ ಸದ್ದೆಲ್ಲ ಅಡಗುವ ಹಾಗೆ, ಮೂರು ತಿಂಗಳದ್ದೆಲ್ಲ ಸೇರಿಸಿ ಅತ್ತಳು.

ಬಸು ಸಮಾಧಾನ ಮಾಡಲು ಹೋದ. ಅವ್ವ ಕೈ ಅಡ್ಡ ತಂದಳು. "ಬ್ಯಾಡ ತಮ್ಮ. ಅಳ್ಳಿ ಬಿಡು. ಅತ್ತು ಮುಗಸ್ತಾಳ." ಆಮೇಲೆ ನನ್ನ ಕಡೆ ನೋಡಿ, "ನೀನೂ ಬಾ," ಎಂದಳು.

ಅಷ್ಟೇ ಹೇಳಿದ್ದು. ನಾನು ಅವಳ ಇನ್ನೊಂದು ಮಗ್ಗುಲಿಗೆ ಬಿದ್ದೆ. ನನ್ನಲ್ಲಿ ಅಷ್ಟು ಅಳು ಇದೆಯೆಂದು ನನಗೇ ಗೊತ್ತಿರಲಿಲ್ಲ.

ಅತ್ತೆ ಏದುಸಿರು ಬಿಡುತ್ತ ಬಂದಳು. "ಇದ್ದತ್ ಮುರದ್ಯಲ್ಲ! ಗಂಡಸರ ನಡುವ ಬಂದು ಕುಂತಿ! ಹೋದಾವನ ಮಾರಿ ಹೆಂಗ ನೋಡ್ತಿ?" ಎಂದು ಕೂಗಿದಳು. "ಅಲ್ಲಾಗ ನಾ ಜವಾಬು ಕೊಡ್ತೀನಿ," ಎಂದಳು ಅವ್ವ, ತಲೆ ಎತ್ತದೆ. "ನೀನೂ ಕುಂದರು ಅಕ್ಕಾ. ನಿನ್ನ ತಮ್ಮ ಅಲ್ಲೇನ ಅವ?" ಅತ್ತೆ ಚೆಲ್ಲಿದ ಬ್ರೆಡ್ಡು ನೋಡಿದಳು, ಉರುಳಿದ ಸೈಕಲ್ಲು ನೋಡಿದಳು, ಅಲ್ಲೇ ಕುಸಿದು ಕೂತಳು. ಅವತ್ತು ಅವಳ ಕೈಯಲ್ಲಿ ಉಳ್ಳಾಗಡ್ಡಿ ಇರಲಿಲ್ಲ.

ಮಗುವಿನ ಜೀವಕ್ಕೆಂದು ಹೊಸ್ತಿಲು ದಾಟಿದರೆ ತಪ್ಪಿಲ್ಲವೆಂದು ಮೌಲ್ವಿಗಳ ಮನೆಯವರು ಹೇಳಿ ಕಳಿಸಿದರು, ಅತ್ತೆಗೆ ಅದರಿಂದ ನೆಮ್ಮದಿಯಾಯಿತು. ಅವ್ವ ಪರದೆಯನ್ನು ಮತ್ತೆ ಕಟ್ಟಿ ಉಳಿದ ದಿನಗಳನ್ನು ಮುಗಿಸಿದಳು. ಆದರೆ ಮನೆ ಮಾತ್ರ ಮೊದಲಿನ ಹಾಗೆ ಉಳಿಯಲಿಲ್ಲ. ರೇಷ್ಮಾ ದಿನವಿಡೀ ಕೇಳುತ್ತಿದ್ದಳು. ಮಣ್ಣಾಗ ಅಪ್ಪಗ ಮಳಿ ಹತ್ತೂದಿಲ್ಲೇನ? ಹಸಿವಾದ್ರ? ಕಣ್ಣು ತೆಗದಾನೋ ಮುಚ್ಚ್ಯಾನೋ? ಅವ್ವ ಗೊತ್ತಿದ್ದುದನ್ನು ಹೇಳುತ್ತಿದ್ದಳು, ಗೊತ್ತಿಲ್ಲದ್ದಕ್ಕೆ "ನನಗೂ ಗೊತ್ತಿಲ್ಲವ್ವ" ಎನ್ನುತ್ತಿದ್ದಳು. ನಡುವೆ ಯಾರಿಗಾದರೂ ಅಳು ಬಂದರೆ ಅಳುತ್ತಿದ್ದರು, ಉಳಿದವರು ರೊಟ್ಟಿ ಬಡಿಯುತ್ತಿದ್ದರು. ರೇಷ್ಮಾಳಿಗೆ ಆಮೇಲೆ ಎರಡೇ ಸಲ ಉಸಿರು ಕಟ್ಟಿದ್ದು. ಡಾಕ್ಟರು ಅಪ್ಪನಿಗೆ ಹೇಳಿದ್ದು ಖರೇ ಇತ್ತು.

ಅವ್ವ ರಸ್ತೆಗೆ ಓಡಿ ಬಂದ ದಿನದ ಮರುದಿನ ಬೆಳಗ್ಗೆ ಬಸು ಹಾರ್ನು ಹೊಡೆಯಲು ಧೈರ್ಯವಿಲ್ಲದೆ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ. ಅವ್ವ ಪರದೆಯ ಒಳಗಿನಿಂದಲೇ, "ಬಸು, ಇನ್ನ ನಿನ್ನ ಹಂಗ ಹೊಡಿಯಪ್ಪ," ಎಂದಳು. ಅವನು ಗಡಿಬಿಡಿಯಲ್ಲಿ ಮೂರು ಗಿಡ್ಡ ಹೊಡೆದ. ಅಪ್ಪನ ಹಾರ್ನು ಅಲ್ಲಿಗೆ ಮುಗಿಯಿತು.

ಇದೆಲ್ಲ ಆಗಿ ಹನ್ನೆರಡು ವರ್ಷ. ನಾನೀಗ ಕಲಂಗುಟ್ ಕಡೆಯ ಒಂದು ಬಾಲವಾಡಿಯಲ್ಲಿ ಟೀಚರು. ಕಟ್ಟಡ ಕೆಲಸದವರ, ಬೀಚಿನಲ್ಲಿ ಮಣಿಸರ ಮಾರುವವರ ಮಕ್ಕಳು ಬರುತ್ತವೆ. ಕಳೆದ ತಿಂಗಳು ತಾಯಿ ಸತ್ತ ಹುಡುಗಿಯೊಬ್ಬಳಿಗೆ, "ಅವ್ವ ದವಾಖಾನ್ಯಾಗ ಅದಾಳ ಅಂತ ಹೇಳೇವ್ರಿ ಟೀಚರ್, ನೀವೂ ಹಂಗ ಹೇಳ್ರಿ," ಎಂದು ಅವಳ ಮನೆಯವರು ಬಂದು ಹೇಳಿದರು. ಹಾಗೆ ಹೇಳಲಾರೆ ಎಂದೆ. ಸಿಟ್ಟು ಮಾಡಿಕೊಂಡರು. ಅವರ ಮನೆಗೇ ಹೋಗಿ ಕೂತು ನಮ್ಮ ಓಣಿಯ ಹಾರ್ನಿನ ಕಥೆ ಹೇಳಿದೆ. ಕಡೆಗೆ ತಂದೆಯೇ ಮಗಳಿಗೆ ಹೇಳಿದ. ನಾನು ಪಕ್ಕದಲ್ಲಿದ್ದೆ. ಅದೇನೂ ಸುಲಭವಾಗಿರಲಿಲ್ಲ.

ಈಗ ನಮ್ಮ ಓಣಿಗೆ ಬ್ರೆಡ್ಡು ಸ್ಕೂಟರಿನ ಮೇಲೆ ಬರುತ್ತದೆ, ಅದರ ಹಾರ್ನಿಗೂ ಕೊರಿಯರ್‌ನವನ ಹಾರ್ನಿಗೂ ವ್ಯತ್ಯಾಸವಿಲ್ಲ. ಆ ಬೇಕರಿ ಮುಚ್ಚಿ ಮೂರು ವರ್ಷವಾಯಿತು. ಬಸು ಗೋಕಾಕಕ್ಕೆ ಹೋದ. ಹಿತ್ತಾಳೆಯ ಹಾರ್ನು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಪ್ಪನ ಮೊಬೈಲು ಅವನ ಜತೆಗೇ ಪುಡಿಯಾಗಿತ್ತು, ಅವನ ದನಿ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ರೇಷ್ಮಾಳಿಗೆ ಅಪ್ಪನ ಮುಖ ಫೋಟೋದಿಂದ ಗೊತ್ತು, ಹಾರ್ನು ಮಾತ್ರ ಖುದ್ದಾಗಿ ನೆನಪಿದೆಯಂತೆ. ಮೊನ್ನೆ ಚಹಾ ಕುಡಿಯುತ್ತ ಅದರ ಮೇಲೆಯೇ ನಮಗಿಬ್ಬರಿಗೂ ಜಗಳ ಹತ್ತಿತು. ಕೊನೆಯದು ಇಷ್ಟು ಉದ್ದ ಎಂದು ಅವಳು ಬಾಯಲ್ಲಿ ಹೊಡೆದು ತೋರಿಸಿದಳು. ಅಷ್ಟಿರಲಿಲ್ಲ ಎಂದು ನಾನು ಹೊಡೆದು ತೋರಿಸಿದೆ.

ಒಲೆಯ ಮುಂದಿದ್ದ ಅವ್ವ ನಕ್ಕಳು. "ಇಬ್ಬರದೂ ಬಸೂನ ಹಾರ್ನು," ಎಂದಳು. "ನಿಮ್ಮಪ್ಪ ಕಡೀದು ಹಂಗ ಎಳೀತಿದ್ದಿಲ್ಲ. ಸದ್ದು ಎತ್ತಿ ತಟ್ಟನ ಬಿಡ್ತಿದ್ದ."

ನಾನು ಕಪ್ಪು ಕೆಳಗಿಟ್ಟೆ. "ಅಂದ್ರ ನಿನಗ ಗೊತ್ತಿತ್ತಾ? ಮೊದಲ ದಿನದಿಂದ?"

"ಮೊದಲ ದಿನದಿಂದ. ನೀನ ಹೇಳಿ ಹೊಡಸಾಕತ್ತಿ ಅನ್ನೂದೂ ಗೊತ್ತಿತ್ತು."

"ಮತ್ತ ಯಾಕ ನಿಲ್ಲಸಲಿಲ್ಲ? ನನಗ ಒಂದು ಮಾತು ಬೈಲಿಲ್ಲ ನೀ."

ಅವ್ವ ಚಹಾದ ಪಾತ್ರೆಯ ಕಡೆ ತಿರುಗಿದಳು. "ದಿನಾ ಇವತ್ತ ಹೇಳೂನು, ಇವತ್ತ ನಿಲ್ಲಸೂನು ಅಂತ ಏಳ್ತಿದ್ದೆ. ಅಷ್ಟರಾಗ ಹಾರ್ನ್ ಆಗ್ತಿತ್ತು. ಇನ್ನೊಂದ ದಿನ ಕೇಳೂನು ಅನಸ್ತಿತ್ತು."

ಹನ್ನೆರಡು ವರ್ಷ ಆ ಹಾರ್ನು ನನ್ನೊಬ್ಬಳ ತಪ್ಪೆಂದು ಹೊತ್ತುಕೊಂಡು ತಿರುಗಿದ್ದೆ. ರೇಷ್ಮಾ ಎದ್ದು ಹೋಗಿ ಅವ್ವನ ಬೆನ್ನಿಗೆ ತಲೆಯಿಟ್ಟು ನಿಂತಳು. "ಹೊಡದು ತೋರಸು ಅವ್ವಾ. ಅಪ್ಪಂದು ಖರೇ ಹೆಂಗಿತ್ತು?"

ಅವ್ವ ತುಟಿ ಮುಂದೆ ಮಾಡಿದಳು. ಎರಡು ಗಿಡ್ಡ ಬಂದವು. ಮೂರನೆಯದಕ್ಕೆ ಉಸಿರೆಳೆದುಕೊಂಡವಳು ಹಾಗೆಯೇ ನಿಂತಳು. ಕಾದೆವು. "ಇಲ್ಲವ್ವ," ಎಂದಳು ಅವ್ವ, "ನನಗೂ ಈಗ ಬಸೂಂದ ಬರಾಕತ್ತೈತಿ." ಆಮೇಲೆ ಅಳತೊಡಗಿದಳು. ನಾವು ಅವಳನ್ನು ಸುಮ್ಮನಿರು ಎನ್ನಲಿಲ್ಲ.